ಪಾಯಾಳುವಿನ ಎಡಗಾಲು

ನ್ಯಾಮತಿಯ ಸುತ್ತಮುತ್ತ ಯಾರಿಗೇ ಸೊಂಟ ಹಿಡಿದರೂ ಹಾಲಸ್ವಾಮಿಯ ಮನೆ ಹುಡುಕಿಕೊಂಡು ಬರುತ್ತಿದ್ದರು. ಆತ ಪಾಯಾಳು. ಅಂದರೆ ಎಲ್ಲರಂತೆ ತಲೆ ಮುಂದಾಗಿ ಹುಟ್ಟದೆ, ಕಾಲು ಮುಂದೆ ಮಾಡಿಕೊಂಡು ಭೂಮಿಗೆ ಬಂದವನು. ಅಂಥವನ ಎಡಗಾಲಿನಿಂದ ಮೂರು ಸಲ ಒದೆಸಿಕೊಂಡರೆ ಎಂಥ ಹಿಡಿತವೂ ಬಿಡುತ್ತದೆಂದು ಆ ಕಡೆಯವರ ನಂಬಿಕೆ. ಇದಕ್ಕೆ ಕಟ್ಟಳೆಯೂ ಉಂಟು. ಪಾಯಾಳು ಬಿಡಿಗಾಸು ಮುಟ್ಟಬಾರದು, ನೋವೆಂದು ಬಂದವರನ್ನು ಹಾಗೇ ಕಳಿಸಬಾರದು. ಒದೆಸಿಕೊಂಡವರು ಹಿಂದಿರುಗಿ ನೋಡಬಾರದು. ನೋಡಿದರೆ ಬಿಟ್ಟುಹೋದ ನೋವು ವಾಪಸು ಬರುತ್ತದೆ.

ಈಗ ತಮಾಷೆ ಕೇಳಿ. ಆ ಹಾಲಸ್ವಾಮಿಗೇ ಸೊಂಟ ನೋವು. ತನ್ನ ಸೊಂಟಕ್ಕೆ ತಾನೇ ಒದ್ದುಕೊಳ್ಳುವ ವಿದ್ಯೆಯನ್ನು ದೇವರು ಯಾವ ಪಾಯಾಳುವಿಗೂ ಕೊಟ್ಟಿಲ್ಲ.

ಎಪ್ಪತ್ತೊಂದರ ಯುದ್ಧದಲ್ಲಿ ಆತ ಸಿಪಾಯಿ. ಗುಂಡು ಹಾರಿಸಿದವನಲ್ಲ, ಗುಂಡಿನ ಪೆಟ್ಟಿಗೆ ಹೊತ್ತವನು. ಗಡಿಯ ಚಳಿಯಲ್ಲಿ ಲಾರಿಯಿಂದ ಪೆಟ್ಟಿಗೆ ಇಳಿಸುವಾಗ ಸೊಂಟ ಕಳಕ್ ಅಂದಿತು. ಅಂದಿನಿಂದ ಸೊಂಟದಲ್ಲಿ ಹುಟ್ಟಿದ ನೋವು ತೊಡೆ, ಮೀನಖಂಡ ಹಾದು ಎಡಗಾಲಿನ ಹೆಬ್ಬೆರಳಿನವರೆಗೆ ಕಾದ ತಂತಿ ಎಳೆದಂತೆ ಇಳಿಯತೊಡಗಿತು. ಸೇನೆ ಎರಡು ವರ್ಷ ಮಾತ್ರೆ ನುಂಗಿಸಿ ಮನೆಗೆ ಕಳಿಸಿತು. ಚನ್ನಗಿರಿಯ ಡಾಕ್ಟರು ಬೆನ್ನುಮೂಳೆಯ ಹತ್ತಿರ ನರ ಒತ್ತಿಕೊಂಡಿದೆ, ಇದು ಸಯಾಟಿಕಾ, ಭಾರ ಎತ್ತಬೇಡ ಎಂದರು. ಹಾಲಸ್ವಾಮಿಗೆ ಸಿಕ್ಕಿದ್ದ ಕೆಲಸವೋ, ಹಿಟ್ಟಿನ ಗಿರಣಿಯಲ್ಲಿ ಜೋಳದ ಮೂಟೆ ಎತ್ತುವುದು. ಅದನ್ನು ಬಿಡಬೇಕೆಂದರೆ ಅಂಗವೈಕಲ್ಯದ ಪಿಂಚಣಿ ಬರಬೇಕು. ಅರ್ಜಿ ಹಾಕಿ ನಾಲ್ಕು ವರ್ಷವಾಗಿತ್ತು.

ಕೈಯೋ ಕಾಲೋ ಹೋಗಿದ್ದರೆ ಕಚೇರಿಗೆ ತೋರಿಸಬಹುದು. ನೋವನ್ನು ಯಾವ ತಟ್ಟೆಯಲ್ಲಿಟ್ಟು ತೋರಿಸುವುದು? ಊರಿನವರಿಗೂ ಅದು ಕಾಣುತ್ತಿರಲಿಲ್ಲ. ಮೊದಲು ನಿಂತವರಿಗೇ ಒದೆಯುತ್ತಿದ್ದ ಹಾಲಸ್ವಾಮಿ ಈಗ ಎಲ್ಲರನ್ನೂ ಬೋರಲು ಮಲಗಿಸಿ ಒದೆಯುತ್ತಾನೆ, ಯಾಕೆಂದರೆ ಕಾಲು ಗೇಣಿಗಿಂತ ಮೇಲೆ ಏಳದು. ಇದನ್ನು ಬಲ್ಲವರು ಇಬ್ಬರೇ: ಹೆಂಡತಿ ಕಲ್ಲಮ್ಮ, ಪಕ್ಕದ ಅಂಗಡಿಯ ಟೈಲರ್ ಗೌಸ್‌ಪೀರ್.

ಎಪ್ಪತ್ತೆಂಟರಲ್ಲಿ ಕೊನೆಗೂ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಮಹೇಶ್ವರಪ್ಪ ಅಂತ, ಜಗಳೂರು ಕಡೆಯವರು. ಲಂಚ ಮುಟ್ಟದ, ಕಂಡದ್ದನ್ನು ಬಿಟ್ಟು ಒಂದಕ್ಷರ ಹೆಚ್ಚು ಬರೆಯದ ಮನುಷ್ಯ. ಇಂಥವರು ಸಿಕ್ಕಿದ್ದು ನಮ್ಮ ಪುಣ್ಯ ಎಂದು ಹಾಲಸ್ವಾಮಿ ಕೈಮುಗಿದ. ಪುಣ್ಯವೇ ಸರಿ, ಮುಂದೆ ನೋಡಿ.

ಅವರು ಆತನನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ ಎಡಗಾಲನ್ನು ನೆಟ್ಟಗೆ ಹಿಡಿದು ಮೇಲೆತ್ತಿದರು. ಗೇಣು ಎತ್ತರಕ್ಕೇ ಹಾಲಸ್ವಾಮಿ ಬೆವರಿಬಿಟ್ಟ. ಎರಡು ಸಲ ನೋಡಿದರು, ಎರಡು ಸಲವೂ ಅಷ್ಟೇ. ಸಾಕ್ಷಿಗೆಂದು ಬಂದಿದ್ದ ಗೌಸ್‌ಪೀರ್ ಹೇಳಿದ್ದನ್ನೂ ಬರೆದುಕೊಂಡರು. ವರದಿ ಮುಕ್ಕಾಲು ಮುಗಿದಿತ್ತು. ಅಷ್ಟರಲ್ಲಿ ಪೆನ್ನಿನ ಮುಚ್ಚಳ ಉರುಳಿ ಕೆಳಗೆ ಬಿತ್ತು. ಹಾಳಾದ ಮುಚ್ಚಳ! ಅದನ್ನು ಹೆಕ್ಕಲು ಬಗ್ಗಿದ ಮಹೇಶ್ವರಪ್ಪ ಬಗ್ಗಿದಂತೆಯೇ ನಿಂತರು. ಬಸ್ಸಿನಲ್ಲಿ ಕುಲುಕಿ ಬಂದಿದ್ದ ಸೊಂಟ ಹಿಡಿದುಕೊಂಡಿತ್ತು.

ಒಳ್ಳೆಯ ಮನಸ್ಸಿನವರು ಬಾಯಿ ತೆರೆಯುವ ಹೊತ್ತು ನೋಡಿ. ಗೌಸ್‌ಪೀರ್ ಸಂತೋಷದಿಂದಲೇ ಹೇಳಿದ:

“ಹೆದರ್ಬೇಡ್ರಿ ಸಾಹೇಬ್ರೇ. ನೀವು ಬಂದಿರೋದೇ ಪಾಯಾಳು ಮನೆಗೆ. ನಮ್ಮಣ್ಣ ಮೂರು ಒದ್ರೆ ಸಾಕು.”

ಬಾಗಿಲ ಮರೆಯಲ್ಲಿದ್ದ ಕಲ್ಲಮ್ಮ ಬೇಡವೆಂದು ಗಂಡನಿಗೆ ಕಣ್ಣು ಮಾಡಿದಳು. ಹಾಲಸ್ವಾಮಿ ಮಲಗಿಕೊಳ್ಳಿ ಎಂದರೆ ಸಾಹೇಬರಿಗೆ ಮಲಗಲೂ ಆಗದು. ಪಡಸಾಲೆಯ ಕಂಬ ತಬ್ಬಿ, ಯಪ್ಪಾ ಏನಾದರೂ ಮಾಡು ಎಂದು ನರಳಿದರು. ಹಾಲಸ್ವಾಮಿ ಮೇಜಿನ ಮೇಲಿನ ಕಾಗದ ನೋಡಿದ, ಅವರ ಬೆನ್ನು ನೋಡಿದ. ಕಟ್ಟಳೆ ಮೀರಿದರೆ ಕಾಲಿನ ಗುಣ ಹೋಗುತ್ತದೆಂಬ ಭಯ ಒಂದು ಕಡೆ ಇರಲಿ. ಆ ನರಳಾಟ ಎಂಥದೆಂದು ಆ ಮನೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಟವೆಲನ್ನು ಹಲ್ಲಿನ ನಡುವೆ ಕಚ್ಚಿ, ಗೋಡೆಗೆ ಕೈಕೊಟ್ಟು ಎಡಗಾಲನ್ನು ಸಾಹೇಬರ ಸೊಂಟದವರೆಗೆ ಎತ್ತಿ ಒದ್ದ. ಒಂದು. ಎರಡು. ಮೂರನೆಯದಕ್ಕೆ ಕಣ್ಣು ಕತ್ತಲಿಟ್ಟು ಗೋಡೆಗೊರಗಿ ಕುಸಿದ.

ಮಹೇಶ್ವರಪ್ಪನವರ ಬೆನ್ನು ನೆಟ್ಟಗಾಯಿತು. ಕಟ್ಟಳೆ ಮೀರದೆ ಅವರು ಹಿಂದಿರುಗಿ ನೋಡಲಿಲ್ಲ. ಗೌಸ್‌ಪೀರ್ ಸುತ್ತು ಹಾಕಿ ಮುಂದಿನಿಂದಲೇ ಫೈಲು ತಂದುಕೊಟ್ಟ. ಅವರು ಬೀದಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು:

“ನಿನ್ನ ಉಪಕಾರ ಮರೆಯಲ್ಲ ಹಾಲಸ್ವಾಮಿ. ನಡೆದದ್ದು ನಡೆದಂಗೇ ಬರೀತೀನಿ.”

ಬರೆದರು ಮಹಾರಾಯರು. ಹಾಲಸ್ವಾಮಿ ನಾಲ್ಕು ದಿನ ಚಾಪೆ ಬಿಟ್ಟು ಏಳಲಿಲ್ಲ. ಆರು ತಿಂಗಳಿಗೆ ಕಾಗದ ಬಂತು. ಗೌಸ್‌ಪೀರ್ ಓದಿ ಹೇಳಿದ: ಅರ್ಜಿದಾರನು ತನ್ನ ಎಡಗಾಲನ್ನು ವಯಸ್ಕನೊಬ್ಬನ ಸೊಂಟದ ಎತ್ತರಕ್ಕೆ, ಒಂದರ ಹಿಂದೊಂದು ಮೂರು ಬಾರಿ, ಬಲವಾಗಿ ಎತ್ತಿದ್ದು ವಿಚಾರಣಾಧಿಕಾರಿಯ ಸ್ವಂತ ಅನುಭವಕ್ಕೆ ಬಂದಿರುತ್ತದೆ. ಆದಕಾರಣ ಅಂಗವೈಕಲ್ಯ ಇರುವುದಿಲ್ಲ. ಕೆಳಗೆ ಮೇಲಧಿಕಾರಿ ವಿರೂಪಾಕ್ಷಪ್ಪನವರ ಸಹಿ. ಗೌಸ್‌ಪೀರ್ ಅಂದು ತನ್ನ ನಾಲಗೆಯನ್ನು ತಾನೇ ಶಪಿಸಿಕೊಂಡ. ಹಾಲಸ್ವಾಮಿ ಮರುದಿನ ಗಿರಣಿಗೆ ಹೋದ.

ತಿಂಗಳು ಕಳೆದಿರಲಿಲ್ಲ, ಮನೆ ಮುಂದೆ ಒಂದು ಜೀಪು ನಿಂತಿತು. ಸೊಂಟದ ಮೇಲೆ ಕೈಯಿಟ್ಟುಕೊಂಡು ಇಳಿದವರ ಕೈಲಿ ಮಹೇಶ್ವರಪ್ಪನವರ ಚೀಟಿ: ನಮ್ಮ ಮೇಲಧಿಕಾರಿಗಳು ವಿರೂಪಾಕ್ಷಪ್ಪನವರು. ಕುಳಿತೇ ಕೆಲಸ ಮಾಡಿ ಸೊಂಟ ಹಿಡಿದಿದೆ. ದಯವಿಟ್ಟು ನೋಡಿಕೊಳ್ಳುವುದು.

ಹಾಲಸ್ವಾಮಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೋವೆಂದು ಬಂದವರು, ಕಳಿಸುವಂತಿಲ್ಲ. ಚಾಪೆ ಹಾಸಿ, ನಿಂತವರಿಗೆ ಒದೆಯಲು ನನ್ನಿಂದ ಆಗದು, ಮಲಗಿ ಎಂದ. ಅವರು ಒಪ್ಪಲಿಲ್ಲ. ಮಹೇಶ್ವರಪ್ಪನವರಿಗೆ ನಿಂತಲ್ಲೇ ಗುಣವಾಗಿದೆ, ಫೈಲಿನಲ್ಲೇ ಇದೆ, ನನಗೂ ಹಾಗೇ ಮಾಡು ಎಂದು ಅದೇ ಕಂಬ ಹಿಡಿದು ನಿಂತರು.

ಕಲ್ಲಮ್ಮ ಸಿಟ್ಟಿನಿಂದ ಸೆರಗು ಬಿಗಿದು ಹೊರಗೆ ಹೋದಳು. ಬರುವಾಗ ಗೌಸ್‌ಪೀರನ ಅಂಗಡಿಯ ಆಳೆತ್ತರದ ಕನ್ನಡಿಯನ್ನು ಅವನ ಕೈಲೇ ಹೊರಿಸಿಕೊಂಡು ಬಂದು, ಸಾಹೇಬರ ಮುಂದೆ ಗೋಡೆಗೆ ಆನಿಸಿದಳು. ಇದೆಲ್ಲ ಏನು ಎಂದರು ಅವರು.

“ಹಿಂದಿರುಗಿ ನೋಡ್ಬಾರ್ದು ಅಂತ ಕಟ್ಟಳೆ ಐತ್ರಿ” ಎಂದಳು ಕಲ್ಲಮ್ಮ. “ಮುಂದೆ ನೋಡ್ಬಾರ್ದು ಅಂತ ಇಲ್ಲ. ನೋಡ್ರಿ.”

ಹಾಲಸ್ವಾಮಿ ಟವೆಲು ಕಚ್ಚಿದ, ಕಾಲೆತ್ತಿದ. ಕನ್ನಡಿಯಲ್ಲಿ ಸಾಹೇಬರ ಹೆಗಲ ಮೇಲಿಂದ ಒಂದು ಮುಖ ಕಂಡಿತು: ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರು ಬಳಬಳ ಇಳಿಯುತ್ತಿದ್ದ ಮುಖ. ತನ್ನ ನೋವನ್ನು ಹಾಲಸ್ವಾಮಿಯೂ ಅಂದೇ ಮೊದಲ ಸಲ ನೋಡಿದ್ದು. ಎರಡನೆಯ ಒದೆಗೆ ಸಾಹೇಬರ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ಕಂಡರು, ಏಳು ವರ್ಷಕ್ಕೆ ಒಬ್ಬರಾದರೂ ಕಂಡರು ಎಂದು ಅವನ ಜೀವ ಹಿಗ್ಗಿತು. ಮೂರನೆಯ ಸಲ ಕಾಲು ಅದಾಗಿಯೇ ಎದ್ದಿತು.

ವಿರೂಪಾಕ್ಷಪ್ಪನವರ ಹಿಡಿತ ಬಿಟ್ಟಿತು. ಕಂಬ ಬಿಟ್ಟು ನೆಟ್ಟಗೆ ನಡೆದರು, ಕಟ್ಟಳೆಯಂತೆ ಹಿಂದಿರುಗಿ ನೋಡದೆ ಜೀಪು ಹತ್ತಿದರು. ಕಲ್ಲಮ್ಮ ನೆಲದಲ್ಲಿ ಬಿದ್ದಿದ್ದ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸಾಹೇಬರು ನೋಡಿದರೇ ಎಂದು ಕೇಳಿದಳು.

“ನೋಡಿದ್ರು ಕಣೆ” ಎಂದ ಹಾಲಸ್ವಾಮಿ. “ಅದ್ಕೇ ಮೂರನೇದಕ್ಕೆ ಕಣ್ಣು ಮುಚ್ಕಂಡ್ರು.”