ಜಾಗ ಬದಲಿಸುವ ನೋವು

ಒಂದು ಚಕ್ರ ಕಿರ್ರೆನ್ನುತ್ತಿದೆ, ನಾಲ್ಕರಲ್ಲಿ ಒಂದೇ, ಎಣ್ಣೆ ಬಿಡುವವರಿಲ್ಲ, ಹತ್ತಿರ ಬಂತು — ಇಲ್ಲ, ಮುಂದೆ ಹೋಯಿತು, ನನ್ನ ಸ್ಟ್ರೆಚರ್ ಅಲ್ಲ, ಪಕ್ಕದ ಕೋಣೆಯ ಮುದುಕರದು, ನನಗಿನ್ನೂ ಅರ್ಧ ಗಂಟೆ ಇದೆಯಂತೆ, ನರ್ಸ್ ಹೇಳಿ ಹೋದಳು, ಉಗುರಿನ ಬಣ್ಣ ತೆಗೆದ್ರಾ, ಬಳೆ, ಓಲೆ? ಎಲ್ಲ ಅಮ್ಮನ ಪರ್ಸಿನಲ್ಲಿ. ಅಮ್ಮ ಕಿಟಕಿಯ ಹತ್ತಿರ ನನ್ನ ಬಟ್ಟೆ ಮಡಿಸುತ್ತಿದ್ದಾಳೆ, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಾಳೆ, ಐವತ್ತಾರಾದರೂ ಬೆನ್ನು ನೆಟ್ಟಗೆ, ಇಪ್ಪತ್ತೆಂಟು ವರ್ಷ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಓಡಿಸಿದವಳು, ಮಕ್ಕಳಿಟ್ಟ ಹೆಸರು ವಿಸಿಲ್ ಮಿಸ್, ಬೆನ್ನ ಹಿಂದೆ ನಾನೂ ಹಾಗೇ ಕರೆಯುತ್ತಿದ್ದೆ, ಗುಂಪಿನಲ್ಲಿ ಒಬ್ಬಳಾಗಬೇಕಲ್ಲ. ನಾನೂ ಅದೇ ಶಾಲೆ, ಅವಳ ಕಟ್ಟಪ್ಪಣೆ, ಗೇಟಿನ ಒಳಗೆ ಅಮ್ಮ ಗಿಮ್ಮ ಅನ್ನಬೇಡ, ಟೀಚರ್ ಮಗಳು ಅಂತ ಬಿಟ್ಬಿಟ್ಳು ಅಂತ ಯಾರೂ ಆಡ್ಕೋಬಾರದು. ಯಾರೂ ಆಡಿಕೊಳ್ಳಲಿಲ್ಲ, ಎಲ್ಲರಿಗೂ ಎರಡು ಸುತ್ತಾದರೆ ನನಗೆ ಮೂರು.

ಇಪ್ಪತ್ತನಾಲ್ಕಕ್ಕೇ ಹೃದಯದ ಕವಾಟ ಬದಲಿಸಬೇಕು, ಯಾವುದು ಬೇಕು ಹೇಳಿ, ಲೋಹದ್ದು ಹಾಕಿದ್ರೆ ಜೀವನಪೂರ್ತಿ ರಕ್ತ ತೆಳುವಾಗೋ ಮಾತ್ರೆ, ಪ್ರಾಣಿಯದ್ದು ಹಾಕಿದ್ರೆ ಹತ್ತು ಹದಿನೈದು ವರ್ಷಕ್ಕೆ ಇನ್ನೊಂದು ಆಪರೇಷನ್ — ನಾನು ಕನ್ನಡಕದಂಗಡಿಯಲ್ಲಿ ದಿನವಿಡೀ ಕೇಳುವ ಪ್ರಶ್ನೆ, ಇದ್ರಲ್ಲಿ ಚೆನ್ನಾಗಿ ಕಾಣತ್ತಾ, ಅದ್ರಲ್ಲಾ, ತಡವರಿಸುವವರನ್ನು ಕಂಡರೆ ಮೈ ಉರಿಯುತ್ತಿತ್ತು, ಈಗ ನಾನೇ ಇನ್ನೊಂದ್ಸಲ ತೋರಿಸಿ ಡಾಕ್ಟ್ರೇ ಅಂದೆ, ಅವರು ನಕ್ಕರು, ಅಮ್ಮ ನಗಲಿಲ್ಲ. ಲೋಹದ್ದೇ ಇರಲಿ, ಆಪರೇಷನ್ ಮೇಜಿನ ಮೇಲೆ ಎರಡನೇ ಸಲ ಮಲಗಲಾರೆ.

ಸೋಮವಾರ ಬಲಮಂಡಿ. ಆಗ ನನಗೆ ಹನ್ನೊಂದು ವರ್ಷ, ಗಂಟಲು ನೋವು, ಜ್ವರ ಬಂದು ಹೋಗಿ ಎರಡು ವಾರ, ಮಿಸ್, ಮಂಡಿ ನೋವು, ಓಡಕ್ಕಾಗಲ್ಲ. ಅವತ್ತು ಅಮ್ಮ ಬಿಟ್ಟಳು. ಮಂಗಳವಾರ ಮಂಡಿಯಲ್ಲಿ ಏನೂ ಇಲ್ಲ, ಎಡಪಾದದ ಗಂಟು. ಬುಧವಾರ ಅದೂ ಹೋಗಿ ಬಲಮೊಣಕೈ, ಬಟ್ಟೆ ತಾಗಿದರೂ ಪ್ರಾಣ ಹೋಗುತ್ತಿತ್ತು, ಮೊನ್ನೆ ಮಂಡಿ, ನಿನ್ನೆ ಪಾದ, ಇವತ್ತು ಮೊಣಕೈ, ನಾಳೆ ಜುಟ್ಟು ನೋಯತ್ತಾ? ಕಳ್ಳನಿಗೊಂದು ಪಿಳ್ಳೆ ನೆವ! ಇಡೀ ತರಗತಿ ನಕ್ಕಿತು, ವಿಸಿಲ್ ಊದಿದಳು, ಓಡಿದೆ, ಓಡುತ್ತ ನನಗೇ ಅನುಮಾನ, ನೋವು ಹೀಗೆಲ್ಲ ಮನೆ ಬದಲಿಸುತ್ತದೆಯೇ, ನಾನೇ ಸುಳ್ಳು ಹೇಳುತ್ತಿದ್ದೇನೆಯೇ. ವಾರದಲ್ಲಿ ಎಲ್ಲ ನಿಂತಿತು, ಮರೆತೆ. ಹೋದ ತಿಂಗಳು, ಅಮ್ಮ ಔಷಧಿಯ ಸಾಲಿನಲ್ಲಿದ್ದಾಗ, ದೊಡ್ಡ ಡಾಕ್ಟರು ಕೇಳಿದರು, ಚಿಕ್ಕವಳಿದ್ದಾಗ ಕೀಲು ನೋವು ಬಂದಿತ್ತಾ, ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಹೋಗ್ತಿತ್ತಾ, ಅದೇ ರುಮ್ಯಾಟಿಕ್ ಜ್ವರದ ಗುರುತು, ಗಂಟಲು ನೋವಿನ ಹಿಂದೆ ಬರತ್ತೆ, ಕೀಲಿಗೆ ಬಂದಿದ್ದು ಹೋಗತ್ತೆ, ಹೃದಯಕ್ಕೆ ಬಂದಿದ್ದು ಉಳ್ಕೊಳತ್ತೆ, ಆಗಲೇ ತೋರಿಸಿದ್ರೆ ಇಂಜೆಕ್ಷನ್‌ನಲ್ಲೇ ತಡೀಬಹುದಿತ್ತೇನೋ.

ಸಿಟ್ಟು ಬರಲಿಲ್ಲ ಅಂದರೆ ಸುಳ್ಳು, ಎರಡು ದಿನ ಅವಳ ಮುಖ ನೋಡಲಿಲ್ಲ. ಮೂರನೆಯ ದಿನ ಮೆಟ್ಟಿಲ ಮೇಲೆ, ನನಗೆ ಉಸಿರು ಕಟ್ಟಿದ್ದು ಕಂಡು ತನಗೇ ಸುಸ್ತಾದಂತೆ ನಿಂತಳು, ಅಯ್ಯೋ ವಯಸ್ಸಾಯ್ತು ಕಣೇ, ಕೂರು ಸ್ವಲ್ಪ — ಮೂರು ಮಹಡಿ ಓಡಿ ಹತ್ತುವವಳು. ಸಿಟ್ಟು ಎಲ್ಲಿ ಹೋಯಿತೋ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡೆ. ನಾನು ವಾಪಸು ಬರದಿದ್ದರೂ ಇದು ಅವಳಿಗೆ ತಿಳಿಯಬಾರದು, ಮಗಳಿಲ್ಲದ ಮನೆಯಲ್ಲಿ ಇದನ್ನಿಟ್ಟುಕೊಂಡು ಅವಳು ಬದುಕಬಾರದು, ಅಷ್ಟೇ ನನಗೆ ಬೇಕಾದ್ದು, ಅದಕ್ಕೇ ನಿನ್ನೆ ಕಿರಿಯ ಡಾಕ್ಟರು ಅವಳೆದುರಿಗೇ ಅದೇ ಪ್ರಶ್ನೆ ಕೇಳಿದಾಗ, ಕೀಲು ನೋವಾ, ಕಲ್ಲುಗುಂಡಿನ ಹಾಗಿದ್ದೆ ನಾನು ಅಂದೆ. ಅವರು ಅವಳ ಕಡೆ ತಿರುಗಿದರು, ಜಾಗ ಬದಲಾಯಿಸೋ ನೋವಮ್ಮ, ನೆನಪಿದೆಯಾ? ಅಮ್ಮ ಬಾಟಲಿಗೆ ನೀರು ತುಂಬಲು ಹೋದಳು. ಕೇಳಿಸಿರಲಿಕ್ಕಿಲ್ಲ. ಕೇಳಿಸಲಿಲ್ಲ.

ಸ್ಟ್ರೆಚರ್‌ನವರು ಬಂದರು, ಎತ್ತಿ ಮಲಗಿಸಿದರು, ಉದ್ದ ಓಣಿ, ದೀಪ, ದೀಪ, ಇಷ್ಟೇಮ್ಮ, ಈ ಬಾಗಿಲಿಂದಾಚೆ ಬಿಡಲ್ಲ. ಈಗ ಧೈರ್ಯವಾಗಿರು ಅನ್ನುತ್ತಾಳೆ — ಅನ್ನುತ್ತಿಲ್ಲ, ಹೊದಿಕೆಯೊಳಗೆ ಕೈ ಹಾಕಿದಳು, ಕಾಲು ತಣ್ಣಗಿದೆಯೋ ಎಂದು ನೋಡಲಿಕ್ಕೇನೋ, ಕೈ ಬಲಮಂಡಿಯ ಮೇಲೆ ನಿಂತಿತು, ಮೆಲ್ಲಗೆ ಒತ್ತಿತು, ಅಲ್ಲಿಂದ ಎಡಪಾದದ ಗಂಟಿಗೆ, ಅಮ್ಮ ಬೇಡ, ಎಡಪಾದ ಅಂತ ಈ ಹದಿಮೂರು ವರ್ಷದಲ್ಲಿ ನಾನು ಯಾರಿಗೂ ಹೇಳಿಲ್ಲ, ಮೈದಾನದಲ್ಲಿ ನಿನಗೆ ಹೇಳಿದ್ದು ಬಿಟ್ಟರೆ — ಬಾಗಿಲು ತೆರೆಯಿತು, ಬಿಡಿಮ್ಮ, ಬಿಡಬೇಕು, ಅವಳು ಜೊತೆಗೇ ನಡೆಯುತ್ತಿದ್ದಾಳೆ, ಕೈ ಹೊದಿಕೆಯೊಳಗೆ ಹುಡುಕುತ್ತಿದೆ, ಮೊಣಕೈ, ಅಮ್ಮನ ಬೆರಳು, ಬಲಮೊಣಕೈ