ಬಳ್ಳಿ ಹಿಡಿದವನು

ಸಿದ್ದನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ನನ್ನ ತಂಗಿ ನಿಂಗಿಯ ಗಂಡ ಎಂದು ಸುಮ್ಮನಿದ್ದೆ, ಅಷ್ಟೆ. ಉಂಡ ಮನೆಗೆ ಎರಡು ಬಗೆಯುವವನು ಅವನು. ಇಲ್ಲದಿದ್ದರೆ ಹುಣಸೂರಿನ ಮಂಚಯ್ಯನನ್ನು ನಮ್ಮ ಕಲ್ಲುಬಾಗಿಲಿಗೆ ಕರೆದುಕೊಂಡು ಬರುತ್ತಿದ್ದನೆ?

ಕಲ್ಲುಬಾಗಿಲು ನಮ್ಮ ಹಾಡಿಯಿಂದ ಅರ್ಧ ದಿನದ ದಾರಿ, ಹೆಗ್ಗಡದೇವನಕೋಟೆಯ ಕಾಡಿನೊಳಗೆ. ಸುಣ್ಣದ ಕಲ್ಲಿನ ಎರಡು ಕಮಾನು, ಅವುಗಳ ಕೆಳಗೆ ಆಳವಾದ ಕಮರಿ, ಕಮರಿಯ ಗೋಡೆಯಲ್ಲಿ ಗವಿಗಳು. ಗವಿಗಳ ಬಾಯಿಗೆ ಹೆಜ್ಜೇನು ಕಟ್ಟುತ್ತಿತ್ತು. ಹಾಡಿಯ ಹದಿನಾಲ್ಕು ಮನೆಯವರ ಹೊಟ್ಟೆ ನಡೆಯುತ್ತಿದ್ದದ್ದು ಆ ಜೇನಿನಿಂದ. ಕಬಿನಿಗೆ ಅಣೆ ಕಟ್ಟುತ್ತಿದ್ದ ಕಾಲ ಅದು. ಸುಣ್ಣಕ್ಕೆ ಎಲ್ಲಿಲ್ಲದ ಗಿರಾಕಿ. ಮಂಚಯ್ಯನಿಗೆ ಸುಣ್ಣದ ಗೂಡಿತ್ತು. ಸಿದ್ದನಿಗೆ ಮೇಸ್ತ್ರಿ ಕೆಲಸದ ಆಸೆ ಹಚ್ಚಿದ್ದ.

"ಒರಗಿನ ಕಲ್ಲು ಮಣ್ಣು ಇಡಿದದೆ. ಗವಿ ಒಳಗಿಂದು ಬೇಕು," ಎಂದ ಮಂಚಯ್ಯ, ಕಮಾನಿನ ಮೇಲೆ ಬೂಟುಗಾಲಿಟ್ಟು ನಿಂತು. ನಾವು ಅಲ್ಲಿ ಚಪ್ಪಲಿ ಕೂಡ ಮೆಟ್ಟುವುದಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಗವಿಗೆ ಇಳಿಯುವವನು ಸೊಂಟಕ್ಕೆ ಬಳ್ಳಿ ಕಟ್ಟಿಕೊಳ್ಳಬೇಕು. ಮೇಲೆ ಆ ಬಳ್ಳಿ ಹಿಡಿಯುವವನು ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ನಮ್ಮಲ್ಲಿ ಒಡಹುಟ್ಟಿದವನ ಕೈಗೂ ಬಳ್ಳಿ ಕೊಡುವುದಿಲ್ಲ. ಅವನಿಗೆ ಯಾವ ಆಸೆ ಇದೆಯೋ ಯಾರು ಕಂಡರು? ಹೆಂಡತಿಯ ಅಣ್ಣ ಮಾತ್ರ ತನ್ನ ತಂಗಿ ಮುಂಡೆಯಾಗಲಿ ಎಂದು ಬಯಸುವುದಿಲ್ಲ.

"ನಾ ಇಡ್ಕಳಾಕಿಲ್ಲ," ಎಂದೆ. "ಈ ಮನೆಮುರ್ಕನ್ ಕೆಲ್ಸಕ್ಕೆ ನನ್ ಕೈ ಬರಾಕಿಲ್ಲ."

"ಕತ್ತೆ ಬಾಲ! ನೀನಿಲ್ದಿದ್ರೆ ಕೆಲ್ಸ ನಿಂತೋಯ್ತದಾ?" ಮಂಚಯ್ಯ ತನ್ನ ಇಬ್ಬರು ಕೂಲಿಯವರನ್ನು ಕರೆದ. "ನೀವೇ ಇಡ್ಕಳ್ರಲಾ."

ಅವರು ಭೇರ್ಯದ ಬಯಲಿನವರು. ಒಬ್ಬ ಎತ್ತಿನ ಹಗ್ಗ ಸುತ್ತಿಕೊಂಡಂತೆ ಬಳ್ಳಿಯನ್ನು ಮುಂಗೈಗೆ ಸುತ್ತಿಕೊಂಡ. ಸಿದ್ದ ಜಾರಿದರೆ ಅವನೂ ಹಿಂದೆಯೇ ಹೋಗುತ್ತಿದ್ದ. ಸಿದ್ದನೋ, ಆಗಲೇ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಿದ್ದ.

ಬುತ್ತಿ ಹೊತ್ತು ನಮ್ಮ ಜೊತೆ ಬಂದಿದ್ದ ನಿಂಗಿ ಓಡಿಬಂದು ನನ್ನ ತೋಳು ಹಿಡಿದಳು. ಅವಳಿಗೆ ಆಗ ಐದು ತಿಂಗಳು.

"ಅಣ್ಣೋ, ಅವ್ನು ಎಂಗಾರ ಇರ್ಲಿ, ನಂಗಿರಾದು ಅವನೊಬ್ನೇ ಕಣ. ನಿನ್ ಕಾಲ್ಗೆ ಬೀಳ್ತೀನಿ, ಇಡ್ಕಣ್ಣ."

ಕೂಲಿಯವನ ಕೈಯಿಂದ ಬಳ್ಳಿ ಕಿತ್ತುಕೊಂಡೆ.

ಸಿದ್ದ ಇಳಿದ. ಅವನ ಭಾರವೆಲ್ಲ ನನ್ನ ಅಂಗೈಯಲ್ಲಿತ್ತು. ಬಿಟ್ಟುಬಿಡಬೇಕೆಂದು ಅನ್ನಿಸಲಿಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಮಂಚಯ್ಯನಿಗಾಗಿ ಗವಿಗೆ ಇಳಿಯುವವನು ಹಾಡಿಯಲ್ಲಿ ಇವನೊಬ್ಬನೇ. ಕೈ ಸಡಿಲಿಸಿದರೆ ಗವಿ ಉಳಿಯುತ್ತದೆ, ಹದಿನಾಲ್ಕು ಮನೆ ಉಳಿಯುತ್ತವೆ. ಜಾರಿತು ಎಂದರೆ ಯಾರು ಕೇಳುತ್ತಾರೆ? ನಿಂಗಿ ಕಣ್ಣು ಮಿಟುಕಿಸದೆ ನನ್ನ ಕೈಯನ್ನೇ ನೋಡುತ್ತಿದ್ದಳು. ಕೆಳಗಿನಿಂದ ಬಳ್ಳಿ ಎರಡು ಸಲ ಅಲುಗಿತು. ಎಳೆದುಕೊಂಡೆ.

ಮೇಲೆ ಬಂದವನು ಚೀಲದಿಂದ ಬಿಳಿ ಕಲ್ಲು ಸುರಿದು ಹಲ್ಲು ಕಿರಿದ. "ನೀ ಬುಡಾಕಿಲ್ಲ ಅಂತ ಗೊತ್ತಿತ್ತು ಕಣ್ ಬಾವ."

"ಥೂ, ನಿನ್ ಬಾಳಿಗಿಷ್ಟು!" ಎಂದು ಮುಖಕ್ಕೇ ಉಗಿದೆ. ಒರೆಸಿಕೊಂಡ, ಅಷ್ಟೆ.

ಮಂಚಯ್ಯ ಒಂದು ಕಲ್ಲನ್ನು ಕುಟ್ಟಿ ಪುಡಿ ಮಾಡಿ, ಜೇಬಿನಿಂದ ನಿಂಬೆಹಣ್ಣು ತೆಗೆದು ಹಿಂಡಿದ. ಬುರುಬುರು ನೊರೆ ಎದ್ದಿತು.

"ಅಪ್ಪಟ ಸುಣ್ಣ! ನಾಳೆಯಿಂದ್ಲೇ ಮದ್ದಿಗೆ ಕುಳಿ ಒಡೀಬೇಕು. ಇವ್ನು ಇಳೀಲಿ, ನೀನು ಇಡ್ಕ," ಎಂದ.

ಹಿಡಿಯದೆ ಇನ್ನೇನು ಮಾಡಲಿ? ಆ ಬಯಲಿನವರ ಕೈಗೆ ನನ್ನ ತಂಗಿಯ ತಾಳಿ ಕೊಡಲೆ? ಹನ್ನೊಂದು ದಿನ ಸಿದ್ದನಿಗೆ ಬಾಯಿಗೆ ಬಂದಂತೆ ಬೈಯುತ್ತಲೇ ಹಿಡಿದೆ. ಹನ್ನೆರಡನೆಯ ದಿನ ಮದ್ದು ಸಿಡಿಸಿದರು. ಒಂದು ಕಮಾನು ಕುಸಿದು ಗವಿಗಳ ಬಾಯಿ ಮುಚ್ಚಿತು. ಎದ್ದುಹೋದ ಹೆಜ್ಜೇನು ಮತ್ತೆ ಬರಲಿಲ್ಲ.

ಹಾಡಿಯವರೆಲ್ಲ ಸೇರಿದರು. ಹಾಡಿಯ ಯಜಮಾನ ಸಿದ್ದನನ್ನು ಬೈಯುತ್ತಾನೆಂದು ನಾನು ಕಾದೆ. ಅವನು ಸಿದ್ದನ ಕಡೆ ತಿರುಗಿ ಕೂಡ ನೋಡಲಿಲ್ಲ.

"ಇಳಿದೋನು ಆಸೆಬುರ್ಕ, ಅವ್ನಿಗೇನು ಏಳಾದು?" ಎಂದ ನನ್ನ ಮುಂದೆ ನಿಂತು. "ದಿನಾ ಬಳ್ಳಿ ಇಡ್ಕಂಡೋನು ನೀನು ಕಣ್ಲಾ."

ನಾನು ನಿಂಗಿಯ ಕಡೆ ನೋಡಿದೆ. ಅವಳು ಗಂಡನ ಪಕ್ಕದಲ್ಲಿ ನಿಂತಿದ್ದಳು. ಅವಳ ಕೈ ಈಗ ಅವನ ತೋಳಿನ ಮೇಲಿತ್ತು.