ಹುಳು ಮನೆಯ ತೊಲೆ

ಮುಳ್ಳೂರಿನ ಶಂಕರಮ್ಮನಿಗೆ ಮೊದಲು ಅನುಮಾನ ಹುಟ್ಟಿದ್ದು ನೀರಿನ ಬಟ್ಟಲುಗಳನ್ನು ನೋಡಿ. ರೇಷ್ಮೆ ಹುಳುವಿನ ತಟ್ಟೆಗಳನ್ನು ಜೋಡಿಸಿದ ಸ್ಟ್ಯಾಂಡಿಗೆ ಇರುವೆ ಹತ್ತಬಾರದೆಂದು ಒಂದೊಂದು ಕಾಲಿನ ಕೆಳಗೂ ಕಲ್ಲಿನ ಬಟ್ಟಲಿಟ್ಟು ನೀರು ತುಂಬುತ್ತಿದ್ದಳು. ಆ ಬೆಳಿಗ್ಗೆ ಮಹಡಿಯ ಮೂಡಲ ಗೋಡೆಯ ಪಕ್ಕದ ಬಟ್ಟಲುಗಳಲ್ಲಿ ನೀರು ಒಂದೇ ಬದಿಗೆ ವಾಲಿ ಹಲಗೆಯ ಮೇಲೆ ಚೆಲ್ಲುತ್ತಿತ್ತು. ಬಟ್ಟಲು ಓರೆಯಾಗಿರಬೇಕೆಂದು ಸರಿಮಾಡಲು ಬಗ್ಗಿದಳು. ಬಟ್ಟಲು ನೆಟ್ಟಗೇ ಕೂತಿತ್ತು. ಓರೆಯಾಗಿದ್ದದ್ದು ನೆಲ.

ಅದು ತೊಂಬತ್ತೊಂದನೇ ಇಸವಿಯ ಬೇಸಿಗೆ. ಮಣ್ಣಿನ ಗೋಡೆ, ನಾಡಹೆಂಚಿನ ಮಾಡು, ನಡುವೆ ಹೊನ್ನೆಯ ತೊಲೆಗಳ ಮೇಲೆ ಹಲಗೆ ಹಾಸಿದ ಮಹಡಿ. ಗಂಡ ಚಿಕ್ಕಮಾದಪ್ಪನ ತಾತ ಕಟ್ಟಿಸಿದ ಮನೆ. ಆಗ ಮೇಲೆ ರಾಗಿ, ಹುರುಳಿ ಇಡುತ್ತಿದ್ದರಂತೆ. ಶಂಕರಮ್ಮ ಸೊಸೆಯಾಗಿ ಬಂದು ಹಿಪ್ಪುನೇರಳೆ ಹಾಕಿದ ಮೇಲೆ ಅದು ಹುಳು ಮನೆಯಾಯಿತು. ಒಂದೊಂದು ಬೆಳೆ ಮುಗಿದಾಗಲೂ ರೋಗ ಹತ್ತದಿರಲೆಂದು ಅವಳು ಬ್ಲೀಚಿಂಗ್ ಪುಡಿ ಕದಡಿದ ನೀರು ಸುರಿದು ಹಲಗೆಗಳನ್ನು ತೊಳೆಯುತ್ತಿದ್ದಳು. ಊರಿನಲ್ಲಿ ಅಷ್ಟು ಚೊಕ್ಕಟವಾದ ಹುಳು ಮನೆ ಇನ್ನೊಂದಿಲ್ಲ ಎಂದು ಅವಳಿಗೆ ಹೆಸರಿತ್ತು.

ಹುಳುಗಳು ಪೊರೆ ಕಳಚುವ ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಇನ್ನು ಹಣ್ಣಾಗಿ ಗೂಡು ಕಟ್ಟುವ ತನಕ ಅವುಗಳ ಹಸಿವು ತೀರುವುದೇ ಇಲ್ಲ. ಹೊರೆ ಹೊರೆ ಸೊಪ್ಪು ಮೇಲೇರುತ್ತದೆ. ಹುಳು ದಿನದಿನಕ್ಕೆ ದಪ್ಪವಾಗುತ್ತದೆ. ಅಂದರೆ ನೆಲದ ಮೇಲಿನ ಭಾರವೂ ದಿನದಿನಕ್ಕೆ ಏರುತ್ತದೆ. ಗೋಡೆಯ ಅಂಚಿನಲ್ಲಿ ಕಾಲಿಟ್ಟಾಗ ಹಲಗೆ ಹಿಮ್ಮಡಿಯ ಕೆಳಗೆ ಮೆತ್ತಗೆ ಕುಸಿಯಿತು. ಶಂಕರಮ್ಮ ಕಾಲನ್ನು ಹಿಂದಕ್ಕೆಳೆದುಕೊಂಡಳು.

ಚಿಕ್ಕಮಾದಪ್ಪ ಸೊಪ್ಪಿನ ಹೊರೆ ಇಳಿಸುತ್ತಾ ಅವಳ ಮಾತು ಕೇಳಿಸಿಕೊಂಡ.

"ಹಳೇ ಹಲಗೆ ಅಂದ್ಮೇಲೆ ಅಲ್ಲಾಡದೇ ಇದ್ದದಾ? ಹುಳ ಹಣ್ಣಾಗ್ಲಿ. ಗೂಡು ಬಿಡಿಸಿದ್ಮೇಲೆ ನೋಡ್ಮ."

"ಅಷ್ಟೊತ್ಗೆ ಕುಸಿದ್ರೆ?"

"ನಮ್ ತಾತನ ಕಾಲದಿಂದ ಕುಸೀದಿದ್ದದ್ದು ಈಗ ಕುಸಿದದಾ? ಸುಮ್ನೆ ಸೊಪ್ಪು ಹಾಕು ಓಗು."

ಅವಳು ಸುಮ್ಮನೆ ಸೊಪ್ಪು ಹಾಕಿದಳು. ಆದರೆ ಆಮೇಲೆ ಮಹಡಿಯಲ್ಲಿ ಮೊದಲಿನಂತೆ ಓಡಾಡಲಾಗಲಿಲ್ಲ. ಸೊಪ್ಪಿನ ಕುಕ್ಕೆಯನ್ನು ಒಂದೇ ಸಲ ತರದೆ ಅರ್ಧರ್ಧ ತಂದಳು. ಹಲಗೆಗೆ ಮೊಳೆ ಹೊಡೆದ ಸಾಲು ನೋಡಿ, ಕೆಳಗೆ ತೊಲೆ ಇರುವ ಜಾಗದ ಮೇಲೇ ಹೆಜ್ಜೆ ಇಟ್ಟಳು. ಕೆಳಗಿಳಿದರೆ ಅಲ್ಲಿ, ಸರಿಯಾಗಿ ಆ ಮೂಲೆಯ ಕೆಳಗೆ, ಅತ್ತೆ ದೊಡ್ಡಬಸಮ್ಮನ ಮಂಚ. ಮಂಡಿ ಹಿಡಿದುಹೋದ ಮುದುಕಿ ದಿನವಿಡೀ ಅಲ್ಲೇ ಕೂತು ಬೀದಿ ನೋಡುತ್ತಿದ್ದಳು. ಅವಳ ಕಂಬಳಿಯ ಮೇಲೆ ರವೆಯಂಥ ಕೆಂಪು ಹುಡಿ ಬಿದ್ದಿತ್ತು.

"ಬೆಳಗಿಂದ ಏನೋ ಉದುರ್ತಾ ಅದೆ ಕಣವ್ವ," ಎಂದಳು ದೊಡ್ಡಬಸಮ್ಮ.

ಶಂಕರಮ್ಮ ಬೆರಳಿನಿಂದ ಒತ್ತಿ ನೋಡಿದಳು. ಗೆದ್ದಲಿನ ಮಣ್ಣು.

"ಅತ್ತೆಮ್ಮ, ಮಂಚ ಆ ಕಡೆ ಸರ್ಸ್ತೀನಿ."

"ಆ ಕಡೆಯಿಂದ ನಂಗೆ ಗೋಡೆ ಬಿಟ್ರೆ ಇನ್ನೇನ್ ಕಂಡದು? ಬ್ಯಾಡ ಬುಡು."

ಅಂದು ಮಧ್ಯಾಹ್ನದ ಸೊಪ್ಪು ಹಾಕಿದವಳೇ ಗಂಡನಿಗೆ ಹೇಳದೆ ಕೊಳ್ಳೇಗಾಲದ ಬಸ್ಸು ಹತ್ತಿದಳು. ಬಸ್ಸು ಗುಂಡಿಗೆ ಇಳಿದು ದಡಕ್ಕೆಂದಾಗಲೆಲ್ಲ ಅವಳಿಗೆ ತನ್ನ ಮನೆಯೇ ದಡಕ್ಕೆಂದಂತಾಗುತ್ತಿತ್ತು. ತಾನು ಇಲ್ಲದ ಹೊತ್ತಿನಲ್ಲೇ ಬಿದ್ದರೆ? ಅತ್ತೆಗೆ ಎದ್ದು ಓಡಲೂ ಆಗುವುದಿಲ್ಲ.

ಬಡಗಿ ಪುಟ್ಟಮಾದಪ್ಪ ತನ್ನ ಕೊಟ್ಟಿಗೆಯಲ್ಲಿ ಬಾಗಿಲ ಚೌಕಟ್ಟು ಕೂರಿಸುತ್ತಿದ್ದ. ಅವಳ ಮುಖ ನೋಡಿ ಕೆಲಸ ಬಿಟ್ಟು ಎದ್ದ. ಬಾಯಿ ತುಂಬ ಹೊಗೆಸೊಪ್ಪು. ಶಂಕರಮ್ಮ ತೊಲೆಯ ವಿಷಯ ಹೇಳಿದಳು, ಆದರೆ ಕಣ್ಣು ಅವನ ಬಾಯಿಯ ಮೇಲೇ ಇತ್ತು. ಹೊಗೆಸೊಪ್ಪು ಮುಟ್ಟಿದ ಕೈ ತಾಕಿದರೂ ಹುಳು ಸಾಯುತ್ತದೆ.

"ಮಾದಪ್ಪಣ್ಣ, ನಮ್ಮನೇಲಿ ಹುಳ ಎದ್ದವೆ. ಅದ ಉಗುದು, ಸೋಪಾಕಿ ಕೈ ತೊಳ್ಕಂಡು ಬರಂಗಿದ್ರೆ ಮಾತ್ರ ಬನ್ನಿ."

"ಆಗ್ಲಿ ಅಕ್ಕ. ಬೆಳಿಗ್ಗೆ ತಲೆಗೇ ನೀರು ಹುಯ್ಕಂಡು ಬತ್ತೀನಿ."

ಹೇಳಿದಂತೆ ಮರುದಿನ ಬಂದ. ಹಜಾರದಲ್ಲಿ ಏಣಿ ಇಟ್ಟು, ತೊಲೆ ಗೋಡೆಯೊಳಕ್ಕೆ ಹೋಗುವ ಕಡೆ ಉಳಿ ಇಟ್ಟು ಒತ್ತಿದ. ಉಳಿ ಮುದ್ದೆಯೊಳಗೆ ಬೆರಳು ಹೋದಂತೆ ಹಿಡಿಯ ತನಕ ಹೋಯಿತು. ಪುಟ್ಟಮಾದಪ್ಪ ಏಣಿ ಇಳಿದು, ಮೊದಲು ದೊಡ್ಡಬಸಮ್ಮನ ಮಂಚದ ಒಂದು ತುದಿ ಹಿಡಿದುಕೊಂಡ.

"ಹಿಡೀರಿ ಅಕ್ಕ ಆ ಕಡೆ. ಅಜ್ಜಿ ಇಲ್ಲಿರಬಾರ್ದು."

ಮುದುಕಿ ಕೂತಲ್ಲೇ ಕೂಗಾಡಿದಳು. ಇಬ್ಬರೂ ಅವಳನ್ನು ಮಂಚದ ಸಮೇತ ಎದುರುಮನೆ ವೀರಮ್ಮನ ಜಗಲಿಗೆ ಸಾಗಿಸಿದರು. ಅಷ್ಟು ಹೊತ್ತಿಗೆ ತೋಟದಿಂದ ಚಿಕ್ಕಮಾದಪ್ಪ ಬಂದ. ಬೀದಿಯಲ್ಲಿ ತಾಯಿ, ಮನೆಯೊಳಗೆ ಬಡಗಿ.

"ಹುಳ ಎದ್ದಿರೋ ಹೊತ್ನಲ್ಲಿ ಬಡಗೀನ ಕರ್ಕಬಂದಿದ್ದೀಯಾ? ಸುತ್ತಿಗೆ ಸದ್ದಿಗೆ, ದೂಳಿಗೆ ಬೆಳೆ ಉಳ್ದದಾ? ಯಾರ್ನ ಕೇಳ್ದೆ?"

ಶಂಕರಮ್ಮ ಏಣಿಯ ಕಡೆ ಕೈ ತೋರಿದಳು. ಪುಟ್ಟಮಾದಪ್ಪ ಉಳಿಯನ್ನು ಚಿಕ್ಕಮಾದಪ್ಪನ ಕೈಗೆ ಕೊಟ್ಟ. ಅವನು ಸಿಟ್ಟಿನಲ್ಲೇ ಏಣಿ ಹತ್ತಿ ಒತ್ತಿದ. ಇಳಿದಾಗ ಬೆವರಿದ್ದ.

"ಮೇಲೆ ಖಾಲಿ ಮಾಡಿಕೊಡಿ ಅಣ್ಣ," ಎಂದ ಪುಟ್ಟಮಾದಪ್ಪ. "ಹೊರೆ ಇಟ್ಕಂಡಿರೋ ಮಹಡಿ ಎತ್ತಿ ನಂಗೆ ಅಭ್ಯಾಸ ಇಲ್ಲ. ಸುಳ್ಯಾಕೆ ಏಳ್ಲಿ, ನಂಗೂ ಭಯ್ವೇ."

ಖಾಲಿ ಮಾಡಿ ಇಡುವುದೆಲ್ಲಿ? ಕೆಳಗೆ ಒಲೆಯ ಹೊಗೆ, ದನದ ಕೊಟ್ಟಿಗೆ. ಎದುರುಮನೆಯಲ್ಲಿ ಬದನೆಗೆ ಹೊಡೆಯುವ ಔಷಧಿಯ ಡಬ್ಬಗಳು. ಗೆದ್ದಲಿಗೆ ಔಷಧಿ ಬಿಡೋಣವೆಂದರೆ ಗೆದ್ದಲಿಗಿಂತ ಮೊದಲು ಹುಳು ಸಾಯುತ್ತದೆ. ಮೂವರೂ ನಿಂತಲ್ಲೇ ಲೆಕ್ಕ ಹಾಕಿದರು. ಕೊನೆಗೆ ಆದದ್ದಿಷ್ಟು: ಮೂಡಲ ಬದಿಯ ಸ್ಟ್ಯಾಂಡುಗಳಲ್ಲಿ ಆದಷ್ಟು ತಟ್ಟೆಗಳನ್ನು ಪಡುವಲ ಬದಿಗೆ ಸರಿಸುವುದು, ಉಳಿದದ್ದು ಇದ್ದ ಹಾಗೇ ಇರಲಿ, ಕೆಳಗಿನಿಂದ ಜಾಕ್ ಕೊಟ್ಟು ತೊಲೆ ಎತ್ತಿ ಕಂಬ ನಿಲ್ಲಿಸುವುದು. ಮಿಕ್ಕ ರಿಪೇರಿ ಗೂಡು ಬಿಡಿಸಿದ ಮೇಲೆ.

ಅಕ್ಕಿ ಗಿರಣಿಯಿಂದ ಲಾರಿ ಜಾಕ್ ಬಂತು. ನೀಲಗಿರಿ ಕಂಬಗಳನ್ನು ಅಳತೆಗೆ ಕೊಯ್ದಿಟ್ಟರು. ಜಾಕಿನ ಕೆಳಗೆ ಚಪ್ಪಡಿ ಹಾಕಿದರು. ಮೇಲೆ ಸ್ಟ್ಯಾಂಡು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಕೆಳಗೆ ಕಂಬ ಹಿಡಿಯಲು ಗಂಡಸಿನ ತೋಳು ಬೇಕು. ಶಂಕರಮ್ಮ ಮೆಟ್ಟಿಲು ಹತ್ತಿದಳು. ಸ್ಟ್ಯಾಂಡಿನ ಪಕ್ಕ ನಿಂತು ಬಟ್ಟಲಿನ ನೀರಿನ ಮೇಲೆ ಕಣ್ಣಿಟ್ಟಳು.

"ಏನ್ ಆಯ್ತದೋ ಕೂಗಿ ಏಳಿ ಅಕ್ಕ!" ಕೆಳಗಿನಿಂದ ಪುಟ್ಟಮಾದಪ್ಪನ ದನಿ.

ಜಾಕ್ ತಿರುಗಿತು. ತೊಲೆ ನರಳಿತು. ಬಟ್ಟಲಿನ ನೀರು ಕೂದಲೆಳೆಯಷ್ಟು ನಡುವಿನ ಕಡೆಗೆ ಸರಿಯಿತು. "ಏರ್ತಾ ಅದೆ, ಏರ್ತಾ ಅದೆ," ಎಂದು ಅವಳು ಕೂಗಿದಳು. ಮತ್ತೆ ತಿರುಗಿತು. ಆಗ ಗೋಡೆಯ ಬಳಿ ಹಲಗೆಯೊಂದು ಪಟ್ಟನೆ ಸೀಳಿ ಮೊಳೆಗಳ ಸಮೇತ ಮೇಲೆದ್ದಿತು. ಸ್ಟ್ಯಾಂಡು ಅವಳ ಕಡೆಗೆ ವಾಲಿತು. ಮೇಲಿನ ಎರಡು ತಟ್ಟೆಗಳು ಜಾರಿ ನೆಲಕ್ಕೆ ಬಿದ್ದವು. ಶಂಕರಮ್ಮ ಹೆಗಲು ಕೊಟ್ಟಳು. ಸ್ಟ್ಯಾಂಡಿನ ಭಾರವೆಲ್ಲ ಅವಳ ಮೇಲೆ ಬಂತು. ಬೆಳ್ಳಗಿನ ಹುಳುಗಳು ಅವಳ ಪಾದದ ಸುತ್ತ ಹೊರಳುತ್ತಾ ಹಲಗೆಯ ಸಂದಿನಲ್ಲಿ ಕೆಳಕ್ಕೆ ಉದುರುತ್ತಿದ್ದವು.

"ಸಂಕ್ರೀ! ಬುಟ್ಬುಡು! ಇಳಿ ಕೆಳಕ್ಕೆ!" ಚಿಕ್ಕಮಾದಪ್ಪ ಕಿರುಚಿದ.

"ಬುಟ್ರೆ ಎಲ್ಲಾ ಬಿದ್ದೋಯ್ತವೆ! ಮೊದ್ಲು ಕಂಬ ಕೊಡ್ರಿ!"

ಕೆಳಗೆ ಏನಾಗುತ್ತಿದೆಯೋ ಅವಳಿಗೆ ಕಾಣುತ್ತಿರಲಿಲ್ಲ. ಕಾಲಿನ ಕೆಳಗಿನ ಹಲಗೆ ನಡುಗುತ್ತಿತ್ತು. ಅದು ಬಿದ್ದರೆ ತಾನು ಗಂಡನ ಮೇಲೆಯೇ ಬೀಳುತ್ತೇನೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಕಂಬ ಎಳೆದ ಸದ್ದು, ಗೋಣಿ ಸುತ್ತಿದ ಸುತ್ತಿಗೆಯ ಮೆತ್ತನೆಯ ಏಟು, ಇನ್ನೊಂದು ಏಟು. ನಡುಕ ನಿಂತಿತು.

"ಕೂತ್ಕಂತು ಅಕ್ಕ! ಕಂಬ ಕೂತ್ಕಂತು!"

ಚಿಕ್ಕಮಾದಪ್ಪ ಓಡಿ ಬಂದು ಸ್ಟ್ಯಾಂಡನ್ನು ಅವಳ ಹೆಗಲಿನಿಂದ ಎತ್ತಿಕೊಂಡ. ಅವನ ತಲೆ, ಅಂಗಿಯ ತುಂಬ ಹುಳು. ಇಬ್ಬರೂ ಅವುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕಿದರು.

ಮಹಡಿ ನಿಂತಿತು. ಆದರೆ ಮೂಡಲ ಬದಿಯ ಹುಳುಗಳು ಸೊಪ್ಪು ಬಿಟ್ಟವು. ಮೈ ಸಡಿಲವಾಗಿ ತಲೆ ಎತ್ತಿಕೊಂಡೇ ಬಿದ್ದಿದ್ದವು. ಸಪ್ಪೆ ರೋಗ. ಧೂಳಿಗೋ, ಬಿದ್ದ ಪೆಟ್ಟಿಗೋ, ಆ ಬಿಸಿಲಿಗೋ, ಬಡಗಿಯ ಕೈಯಲ್ಲಿ ಹೊಗೆಸೊಪ್ಪಿನ ವಾಸನೆ ಇನ್ನೂ ಉಳಿದಿತ್ತೋ, ಹೇಳುವವರಿಲ್ಲ. ಚಿಕ್ಕಮಾದಪ್ಪ ಹಿತ್ತಿಲಲ್ಲಿ ಗುಂಡಿ ತೋಡಿ, ಸತ್ತ ಹುಳುಗಳ ಮೇಲೆ ಸುಣ್ಣ ಹಾಕಿ ಮುಚ್ಚಿದ. ಅವನು ಒಂದು ಮಾತೂ ಆಡಲಿಲ್ಲ. ಆ ಮೌನ ಶಂಕರಮ್ಮನನ್ನು ಬೈಗುಳಕ್ಕಿಂತ ಹೆಚ್ಚಾಗಿ ಸುಟ್ಟಿತು. ರೋಗ ಪಡುವಲಕ್ಕೂ ಹಬ್ಬೀತೆಂದು ಅವಳು ಪ್ರತಿ ತಟ್ಟೆಯ ಮುಂದೆಯೂ ನಿಂತು ನಿಂತು ನೋಡುತ್ತಿದ್ದಳು.

ರೋಗ ಹಬ್ಬಲಿಲ್ಲ. ಉಳಿದ ಹುಳುಗಳು ಹಣ್ಣಾಗಿ ಬಿದಿರಿನ ಚಂದ್ರಿಕೆ ತಟ್ಟಿ ಏರಿ ಗೂಡು ಕಟ್ಟಿದವು. ಚಿಕ್ಕಮಾದಪ್ಪ ಗೂಡನ್ನು ಕೊಳ್ಳೇಗಾಲದ ಮಾರುಕಟ್ಟೆಗೆ ಹಾಕಿ ಬಂದ ಸಂಜೆ ಶಂಕರಮ್ಮ ತಡೆಯಲಾರದೆ ಕೇಳಿಯೇಬಿಟ್ಟಳು.

"ಆ ಹುಳ ನನ್ನಿಂದ ಸತ್ವು ಅಂತ ತಾನೇ ನಿಮ್ಮ ಮನಸ್ನಲ್ಲಿರೋದು? ಬಾಯ್ಬುಟ್ಟು ಏಳ್ಬುಡಿ."

ಅವನು ಟವೆಲಿನಿಂದ ಮುಖ ಒರೆಸಿಕೊಂಡ.

"ಯಾಕ್ ಸತ್ವೋ ಯಾರ್ಗೊತ್ತು. ನಾನು ಕೆಳಗೆ ಕಂಬ ಹಿಡ್ದಿದ್ನಲ್ಲ, ಹಲಗೆ ಸಂದೀಲಿ ನಿನ್ನ ಕಾಲು ಕಾಣ್ತಿತ್ತು. ಹುಳ ಬೀಳ್ತಿದ್ದದ್ದು ನಂಗೆ ಕಾಣ್ಲೇ ಇಲ್ಲ ಕಣಮ್ಮಿ. ಆ ಕಾಲು ಯಾವಾಗ ಕೆಳಕ್ಕೆ ಬತ್ತದೋ ಅಂತ ನೋಡ್ತಿದ್ದೆ. ಈಗ್ಲೂ ಕಣ್ ಮುಚ್ಚಿದ್ರೆ ಅದೇ ಕಾಣ್ತದೆ. ಅದಕ್ಕೇ ಮಾತು ಬರ್ನಿಲ್ಲ."

ಮುಂದಿನ ವಾರ ಹಲಗೆಗಳನ್ನು ಕಿತ್ತರು. ಒಂದಲ್ಲ, ಮೂರು ತೊಲೆಗಳ ತುದಿ ಗೋಡೆಯೊಳಗೆ ಪುಡಿಯಾಗಿತ್ತು. ಬೆಳೆ ಬೆಳೆಗೂ ತೊಳೆದ ನೀರು ಆ ಮೂಲೆಗೇ ಇಳಿದು, ಮಣ್ಣು ಸದಾ ತೇವವಾಗಿದ್ದು, ಅಲ್ಲಿಂದ ಗೆದ್ದಲು ಹತ್ತಿತ್ತು. ತಾನು ಚೊಕ್ಕಟ ಮಾಡಿದ್ದೇ ಹೀಗಾಯಿತೆಂದು ಶಂಕರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ತೊಳೀದಿದ್ರೆ ಹುಳ ಉಳೀತಿರ್ನಿಲ್ಲ, ತೊಳೆದ್ರೆ ಮರ ಉಳೀನಿಲ್ಲ. ಇನ್ಮೇಲೆ ಒದ್ದೆಬಟ್ಟೇಲಿ ಒರ್ಸವ್ವ," ಎಂದಳು ಮಂಚದ ಮೇಲಿನಿಂದ ದೊಡ್ಡಬಸಮ್ಮ. ಅವಳನ್ನು ಈಗ ಅಡುಗೆಮನೆಯ ಬಾಗಿಲಿಗೆ ಸರಿಸಿದ್ದರು.

ಪುಟ್ಟಮಾದಪ್ಪ ಕೊಳೆತ ತುದಿಗಳನ್ನು ಗಟ್ಟಿ ಮರ ಸಿಗುವ ತನಕ ಕೊಯ್ದ. ಎರಡೂ ಪಕ್ಕಕ್ಕೆ ಹೊಸ ಮತ್ತಿ ಮರದ ತುಂಡುಗಳನ್ನು ಜೋಡಿಸಿ ಬೋಲ್ಟು ಬಿಗಿದ. ಮರ ಮಣ್ಣಿಗೆ ತಾಕದಂತೆ ಗೋಡೆಯಲ್ಲಿ ಕಲ್ಲು ಕೂರಿಸಿ, ಸುತ್ತ ಗಾಳಿಯಾಡುವಷ್ಟು ಸಂದು ಬಿಟ್ಟ. ಗಟ್ಟಿಯಿದ್ದ ಹಳೇ ಹಲಗೆಗಳನ್ನು ಉಳಿಸಿಕೊಂಡ. ಉಳಿದ ಕಡೆ ಹೊಸದು ಹಾಕಿ ಗೆದ್ದಲು ಹತ್ತದಂತೆ ಗೇರೆಣ್ಣೆ ಬಳಿದ. ಆ ವಾಸನೆ ಹೋಗುವ ತನಕ ಮುಂದಿನ ಬೆಳೆ ಇಡುವುದು ಬೇಡವೆಂದು ಚಿಕ್ಕಮಾದಪ್ಪನೇ ಹೇಳಿದ.

ಕೊನೆಯ ದಿನ ನೀಲಗಿರಿ ಕಂಬಗಳನ್ನು ತೆಗೆಯುವಾಗ ಶಂಕರಮ್ಮ ಅಂಗಳದಲ್ಲೇ ನಿಂತಿದ್ದಳು. ಒಂದೊಂದು ಕಂಬ ಕಳಚಿ ಬಂದಾಗಲೂ ಕಿವಿ ನಿಮಿರುತ್ತಿತ್ತು. ಏನೂ ಆಗಲಿಲ್ಲ. ಪುಟ್ಟಮಾದಪ್ಪ ಸಾಮಾನು ಕಟ್ಟಿಕೊಂಡು, "ನಡ್ದು ನೋಡಿ ಅಕ್ಕ," ಎಂದ.

ಅವಳು ಮೇಲೆ ಹೋದಳು. ಮೂಡಲ ಗೋಡೆಯ ಹತ್ತಿರ ಬಂದಾಗ ಕಾಲು ತಾನಾಗಿ ನಿಂತಿತು. ಕೆಳಗೆ ಚಿಕ್ಕಮಾದಪ್ಪ ತೊಲೆಗಳ ಕಡೆ ಮುಖ ಎತ್ತಿ ನಿಂತಿದ್ದಾನೆಂದು ಅವಳಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ಹೆಜ್ಜೆ ಇಟ್ಟಳು. ನೆಲ ಅಲುಗಲಿಲ್ಲ. ಗೋಡೆಯ ಉದ್ದಕ್ಕೂ ನಡೆದು ತಿರುಗಿ ಬಂದಳು.

"ಏನಾರಾ ಸದ್ದು ಬಂತಾ?" ಎಂದು ಕೂಗಿದಳು.

"ಇಲ್ಲ," ಎಂದಿತು ಕೆಳಗಿನ ದನಿ. "ಇನ್ನೊಂದ್ಸಲ ನಡೀ. ಮೆಲ್ಗೆ ನಡಿ, ನಾನು ಕೇಳ್ತಾ ಇವ್ನಿ."